ಸರ್ಕಾರಿ ವಿಶ್ವವಿದ್ಯಾಲಯದ ಬಿಬಿಎ: ಸೇರಿಸುವ ಮುಂಚೆ ನಾವು ನೋಡಿ ಬಂದದ್ದು

ದ್ವಿತೀಯ ಪಿಯುಸಿ ಫಲಿತಾಂಶ ಬಂದದ್ದು 2025ರ ಏಪ್ರಿಲ್ 8ರಂದು. ಮಗಳಿಗೆ ಅಕೌಂಟೆನ್ಸಿಯಲ್ಲಿ ನೂರಕ್ಕೆ ತೊಂಬತ್ತೇಳು ಬಂದಿತ್ತು. ಅವತ್ತು ಸಂಜೆಯೇ ನನ್ನ ಫೋನಿಗೆ ಕರೆಗಳು ಬರತೊಡಗಿದವು. ಯಾವುಯಾವುದೋ ಕಾಲೇಜಿನ ಹೆಸರು ಹೇಳಿ, “ಸಾರ್, ಬಿಬಿಎ ಸೀಟು ಕೆಲವೇ ಉಳಿದಿವೆ, ಇವತ್ತೇ ಹತ್ತು ಸಾವಿರ ಕಟ್ಟಿ ಬುಕ್ ಮಾಡ್ಕೊಳ್ಳಿ” ಅನ್ನುವವರು. ನಮ್ಮ ನಂಬರು ಅವರಿಗೆ ಯಾರು ಕೊಟ್ಟರೋ ಗೊತ್ತಿಲ್ಲ. ವಾರ ಕಳೆಯುವಷ್ಟರಲ್ಲಿ ಮನೆಯ ಟೀಪಾಯಿ ಮೇಲೆ ಐದಾರು ಬಣ್ಣದ ಬ್ರೋಷರು ಸೇರಿದ್ದವು. ಎಲ್ಲದರಲ್ಲೂ ಕೋಟು ತೊಟ್ಟ ಹುಡುಗ ಹುಡುಗಿಯರ ಫೋಟೊ. ಪಾಠ ಮಾಡುವವರ ಹೆಸರು ಮಾತ್ರ ಒಂದರಲ್ಲೂ ಇರಲಿಲ್ಲ.

ನಾನು ತಿಪಟೂರಿನವನು. ಪತ್ತಿನ ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮಲ್ಲಿ ಅಂಗಡಿಯವರು ಸಾಲ ಕೇಳಿಕೊಂಡು ಬಂದರೆ ಖರೀದಿ ಬಿಲ್ಲು ತರಿಸುತ್ತೇವೆ, ಉದ್ರಿ ಪುಸ್ತಕ ನೋಡುತ್ತೇವೆ, ಸಾಧ್ಯವಾದರೆ ಯಾವುದೋ ಒಂದು ಮಾಮೂಲಿ ದಿನ ಅಂಗಡಿಗೇ ಹೋಗಿ ಅರ್ಧ ಗಂಟೆ ನಿಂತು ಬರುತ್ತೇವೆ. ಇಪ್ಪತ್ತು ಸಾವಿರದ ಸಾಲಕ್ಕೆ ಇಷ್ಟು ಮಾಡುವವನು ಮಗಳ ಮೂರು ವರ್ಷವನ್ನು ಕರೆ ಮಾಡಿದವರ ಮಾತಿನ ಮೇಲೆ ಒಪ್ಪಿಸಿಬಿಡುವುದು ಹೇಗೆ? ಮನೆಯವಳೂ ಅದನ್ನೇ ಹೇಳಿದಳು: “ಕಂಡವರ ಮಾತು ಕೇಳಿ ಸೇರಿಸಬೇಡಿ. ನೀವೇ ಹೋಗಿ ನೋಡ್ಕೊಂಡು ಬನ್ನಿ.”

ಹಾಗೆ ಶುರುವಾದ ಓಡಾಟ ಎರಡು ತಿಂಗಳು ನಡೆಯಿತು. ನಾವು ಮುಖ್ಯವಾಗಿ ಪರಿಶೀಲಿಸಿದ್ದು ನಮ್ಮೂರಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿರುವ, ಸರ್ಕಾರಿ ವಿಶ್ವವಿದ್ಯಾಲಯವೊಂದು ತಾನೇ ನಡೆಸುವ ಘಟಕ ಕಾಲೇಜಿನ ಬಿಬಿಎಯನ್ನು. ಹೆಸರು ಹೇಳುವುದಿಲ್ಲ. ಕೆಲವು ಕೊರತೆಗಳನ್ನು ಬರೆಯಬೇಕಾಗಿದೆ, ಮತ್ತು ಆ ಕೊರತೆಗಳು ಅದೊಂದೇ ಕಾಲೇಜಿನವಲ್ಲ.

ಮೊದಲ ಚರ್ಚೆ ಮನೆಯೊಳಗೇ ಆಯಿತು. ನನಗೆ ಬಿಕಾಂ ಮೇಲೆ ಮನಸ್ಸು. ಮಗಳಿಗೆ ಬಿಬಿಎಯೇ ಬೇಕು. ಅವಳ ಸೋದರಮಾವನದು ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮಂಡಿ. ಹೈಸ್ಕೂಲಿನಿಂದ ಪ್ರತಿ ಬೇಸಿಗೆ ರಜೆಯಲ್ಲೂ ಅಲ್ಲಿ ಕೂತು ಚೀಲದ ಲೆಕ್ಕ, ತೂಕದ ಚೀಟಿ ಬರೆದಿದ್ದಾಳೆ. ಉಂಡೆ ಕೊಬ್ಬರಿ ದರ ಟೆಂಡರಿನಲ್ಲಿ ಒಂದು ವಾರ ಏರಿ ಮುಂದಿನ ವಾರ ಇಳಿಯುವುದನ್ನು, ಆ ಇಳಿಕೆಯಿಂದ ರೈತರ ಮುಖ ಬಾಡುವುದನ್ನು ನೋಡಿದ್ದಾಳೆ. “ಲೆಕ್ಕ ಬರೆಯೋದು ನಿನ್ನ ಹತ್ರಾನೇ ಕಲೀತೀನಿ ಅಪ್ಪ. ವ್ಯಾಪಾರ ಹೇಗೆ ನಡೆಯುತ್ತೆ, ದರ ಯಾರು ಕಟ್ತಾರೆ ಅನ್ನೋದು ನನಗೆ ಬೇಕು” ಅಂದಳು. ಅದಕ್ಕೆ ಎದುರು ಹೇಳಲು ನನಗೆ ಕಾರಣ ಸಿಗಲಿಲ್ಲ.

ಆದರೂ ಎರಡೂ ಕೋರ್ಸಿನ ಪಠ್ಯಕ್ರಮ ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ಓದಿದೆವು. ಬಿಕಾಂನಲ್ಲಿ ತೆರಿಗೆ, ಆಡಿಟಿಂಗ್, ಕಂಪನಿ ಲೆಕ್ಕಪತ್ರ ಹೆಚ್ಚು. ಬಿಬಿಎಯಲ್ಲಿ ಮಾರ್ಕೆಟಿಂಗ್, ಸಿಬ್ಬಂದಿ ನಿರ್ವಹಣೆ, ಉತ್ಪಾದನೆ ಜಾಸ್ತಿ. ಮುಂದೆ ಸಿಎ ಮಾಡುವ ಮನಸ್ಸಿದ್ದರೆ ಇದನ್ನು ಈಗಲೇ ಯೋಚಿಸಬೇಕು. ಮೊದಲ ಹಂತದ ಪರೀಕ್ಷೆಯಾದ ಫೌಂಡೇಷನ್ ಬರೆಯದೆ ಪದವಿಯ ಮೇಲೆ ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರಲು ವಾಣಿಜ್ಯ ಪದವೀಧರರಿಗೆ ಶೇ 55 ಅಂಕ ಸಾಕು, ಬೇರೆ ಪದವೀಧರರಿಗೆ ಶೇ 60 ಬೇಕು. ಬಿಬಿಎ ಆದವರು ಯಾವ ಸಾಲಿಗೆ ಸೇರುತ್ತಾರೆ ಎನ್ನುವುದು ಅವರು ಓದಿದ ಪತ್ರಿಕೆಗಳ ಮೇಲೆ ನಿಲ್ಲುತ್ತದೆ. ನಾವು ಆ ಪತ್ರಿಕೆಗಳ ಹೆಸರಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟೆವು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ತುಂಬಾ ಜನ ಗಮನಿಸಿಲ್ಲ. 2024-25ನೇ ಸಾಲಿನಿಂದ ಬಿಬಿಎ, ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಸಂಯೋಜಿತ ಕಾಲೇಜುಗಳು, ಅಂದರೆ ವಿಶ್ವವಿದ್ಯಾಲಯದ ಮಾನ್ಯತೆ ಪಡೆದು ಬೇರೆಯವರು ನಡೆಸುವ ಕಾಲೇಜುಗಳು, ಬಿಬಿಎ ನಡೆಸಬೇಕಾದರೆ ಅದರ ಅನುಮೋದನೆ ಪಡೆಯಬೇಕು. ಬಿಕಾಂಗೆ ಈ ನಿಯಮ ಇಲ್ಲ. ನಮಗೆ ಕರೆ ಮಾಡಿದವರನ್ನು “ಈ ವರ್ಷದ ಎಐಸಿಟಿಇ ಅನುಮೋದನೆ ಪತ್ರ ಕಳಿಸಿ” ಎಂದು ಕೇಳಿದೆ. ಕೆಲವರು ಕಳಿಸಿದರು. ಇಬ್ಬರು ಮತ್ತೆ ಕರೆ ಮಾಡಲೇ ಇಲ್ಲ.

ಪದವಿ ಎಷ್ಟು ವರ್ಷದ್ದು ಎಂಬುದರಲ್ಲೂ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ತಂದಿತ್ತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಹೀಗಾಗಿ ನಾವು ಹೋದಾಗ ಒಂದೇ ಕಾರಿಡಾರಿನಲ್ಲಿ ಹಿರಿಯ ಎರಡು ತರಗತಿಗಳು ಒಂದು ಪಠ್ಯಕ್ರಮ ಓದುತ್ತಿದ್ದವು, ಮೊದಲ ವರ್ಷದವರು ಇನ್ನೊಂದನ್ನು. ಹಿರಿಯರ ನೋಟ್ಸು ಕಿರಿಯರಿಗೆ ಪೂರ್ತಿ ಉಪಯೋಗಕ್ಕೆ ಬಾರದ ಕಾಲ ಅದು.

ಆಮೇಲೆ ಕಾಗದಪತ್ರ. ರಾತ್ರಿ ಊಟ ಮುಗಿಸಿ ನಾನೂ ಮಗಳೂ ವಿಶ್ವವಿದ್ಯಾಲಯದ ವೆಬ್‌ಸೈಟು ತೆರೆದು ಕೂರುತ್ತಿದ್ದೆವು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಟ್ಟ ಶ್ರೇಣಿಯನ್ನು ಎಲ್ಲ ಕಾಲೇಜಿನವರೂ ಗೇಟಿನ ಮೇಲೇ ಬರೆಸಿರುತ್ತಾರೆ. ಶ್ರೇಣಿಯ ಹಿಂದೆ ಸ್ವಯಂ ಅಧ್ಯಯನ ವರದಿ ಎಂಬ ದಪ್ಪ ದಾಖಲೆಯೊಂದು ಇರುತ್ತದೆ, ಅದನ್ನು ಯಾರು ಬೇಕಾದರೂ ಓದಬಹುದು ಎನ್ನುವುದು ನನಗೂ ಆಗಲೇ ತಿಳಿದದ್ದು. ನಾವು ನೋಡಿದಾಗ ಅದರಲ್ಲಿ ಏಳು ಮಾನದಂಡ ಇದ್ದವು. ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ ಸಂಯೋಜಿತ ಕಾಲೇಜುಗಳಲ್ಲಿ ಸಾವಿರಕ್ಕೆ 350 ಅಂಕ, ವಿಶ್ವವಿದ್ಯಾಲಯಗಳಲ್ಲಿ 200 ಮಾತ್ರ. ವಿಶ್ವವಿದ್ಯಾಲಯಕ್ಕೆ ಸಂಶೋಧನೆ ಮತ್ತು ವಿಸ್ತರಣೆಯ ಅಂಕವೇ 250. ಅಂದರೆ ವಿಶ್ವವಿದ್ಯಾಲಯಕ್ಕೆ ಬಂದ ಒಳ್ಳೆಯ ಶ್ರೇಣಿಯಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿಗಳ ಪಾಲೂ ಇದೆ. ನನ್ನ ಮಗಳು ಕೂರುವ ತರಗತಿಗೆ ಅದರಿಂದ ಎಷ್ಟು ಬರುತ್ತದೆ ಎನ್ನುವುದನ್ನು ಬೇರೆಯಾಗಿ ಹುಡುಕಬೇಕು.

ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ಶ್ರೇಯಾಂಕದಲ್ಲೂ ಅದೇ ಕಥೆ. ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ ಶೇ 30, ಪದವಿ ಫಲಿತಾಂಶಕ್ಕೆ ಶೇ 20, ಉಳಿದದ್ದು ಒಳಗೊಳ್ಳುವಿಕೆ ಮತ್ತು ಜನಾಭಿಪ್ರಾಯಕ್ಕೆ. ಆದರೆ ಆ ಶ್ರೇಯಾಂಕಕ್ಕಾಗಿ ಸಂಸ್ಥೆಗಳು ಕೊಡುವ ಅಂಕಿಗಳ ಪಟ್ಟಿ ಬಹಳ ಒಳ್ಳೆಯದು. ಎಷ್ಟು ಜನ ಸೇರಿದರು, ನಿಗದಿತ ಅವಧಿಯೊಳಗೆ ಎಷ್ಟು ಜನ ಪದವಿ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಸಂಬಳದ ನಡುಮಟ್ಟ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು, ಎಲ್ಲವೂ ವರ್ಷವಾರು ಇರುತ್ತದೆ. ನಮ್ಮ ಕೈಗೆ ಸಿಕ್ಕಿದ ಪಟ್ಟಿಯಲ್ಲಿ ಒಂದು ತೊಡಕಿತ್ತು: ಮೂರು ವರ್ಷದ ಪದವಿಗಳನ್ನೆಲ್ಲ, ಬಿಎ, ಬಿಎಸ್ಸಿ, ಬಿಕಾಂ, ಬಿಬಿಎ ಸೇರಿಸಿ ಒಂದೇ ಸಾಲಿನಲ್ಲಿ ಕೊಟ್ಟಿದ್ದರು. ಬಿಬಿಎಯದನ್ನೇ ಬಿಡಿಸಿ ನೋಡುವ ದಾರಿ ಅದರಲ್ಲಿ ಇರಲಿಲ್ಲ.

ಆಗ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಎನಿಸಿತು. ನಮ್ಮ ಸಂಘದ ಸರ್ವ ಸದಸ್ಯರ ಸಭೆಯಲ್ಲಿ ನೂರು ರೂಪಾಯಿ ಷೇರು ಇಟ್ಟ ರೈತರೂ ಎದ್ದುನಿಂತು “ಆ ವಸೂಲಿ ಯಾಕಾಗಿಲ್ಲ ಹೇಳಿ” ಎಂದು ಕೇಳುತ್ತಾರೆ, ನಾವು ಉತ್ತರ ಕೊಡಲೇಬೇಕು. ಸರ್ಕಾರಿ ವಿಶ್ವವಿದ್ಯಾಲಯವೂ ನಮ್ಮೆಲ್ಲರ ತೆರಿಗೆಯಿಂದ ನಡೆಯುವುದು. ಖಾಸಗಿ ಕಾಲೇಜಿನವರು ಬ್ರೋಷರು ಕೊಟ್ಟು ಕಳಿಸಿದರೆ ನಾನು ಸುಮ್ಮನೆ ಬರಬೇಕು. ಇಲ್ಲಿ ಪುಸ್ತಕ ತೆಗೆಸಿ ನೋಡುವ ಹಕ್ಕು ನನಗಿದೆ. ಈ ಎರಡು ತಿಂಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ನಮೂನೆ ‘ಎ’ ತುಂಬಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದದ ಮಿತಿ. ಹಾಗಾಗಿ ಬಿಬಿಎ ವಿಭಾಗದ್ದೊಂದನ್ನೇ ಕೇಳಿದೆ: ಮಂಜೂರಾದ ಬೋಧಕ ಹುದ್ದೆ ಎಷ್ಟು, ಕಾಯಂ ಆಗಿ ತುಂಬಿದ್ದೆಷ್ಟು, ಕಳೆದ ಮೂರು ವರ್ಷದಲ್ಲಿ ಸೇರಿದವರೆಷ್ಟು, ಸಮಯಕ್ಕೆ ಮುಗಿಸಿದವರೆಷ್ಟು.

ಉತ್ತರಕ್ಕೆ ಮೂವತ್ತು ದಿನ ಬೇಕು. ಅಷ್ಟರಲ್ಲಿ ಕಾಲೇಜು ನೋಡಿ ಬರೋಣವೆಂದು ಮೇ ತಿಂಗಳ ಒಂದು ಮಂಗಳವಾರ ಹೊರಟೆವು. ಮಂಗಳವಾರವನ್ನು ಬೇಕೆಂದೇ ಆರಿಸಿದ್ದು. ಸಮಾರಂಭ, ಕಾರ್ಯಕ್ರಮ ಏನೂ ಇಲ್ಲದ ದಿನ ನೋಡಬೇಕಿತ್ತು.

ಹಳೆಯ ಕಲ್ಲುಕಟ್ಟಡ, ಎತ್ತರದ ಚಾವಣಿ, ಅಂಗಳದಲ್ಲಿ ಎರಡು ದೊಡ್ಡ ಮಳೆಮರ. ಕಚೇರಿಯಲ್ಲಿ “ಅಡ್ಮಿಷನ್ ಇನ್ನೂ ಶುರುವಾಗಿಲ್ಲ, ಆಮೇಲೆ ಬನ್ನಿ” ಅಂದರು. ಸರಿ ಎಂದು ನೋಟೀಸ್ ಬೋರ್ಡಿನ ಮುಂದೆ ನಿಂತೆವು. ಬಿಬಿಎಯ ಮೂರೂ ವರ್ಷದ ವೇಳಾಪಟ್ಟಿ ಅಂಟಿಸಿದ್ದರು. ಮಗಳು ಫೋಟೊ ತೆಗೆದುಕೊಂಡಳು. ವಿಷಯದ ಕೆಳಗೆ ಬೋಧಕರ ಹೆಸರಿನ ಮೊದಲಕ್ಷರ ಇರುತ್ತದಲ್ಲ, ಅದನ್ನು ಲೆಕ್ಕ ಹಾಕಿದೆವು. ಒಟ್ಟು ಒಂಬತ್ತು ಜನ. ಆ ಅಕ್ಷರಗಳನ್ನು ಪಕ್ಕದ ಸಿಬ್ಬಂದಿ ಪಟ್ಟಿಯ ಜೊತೆ ಇಟ್ಟು ನೋಡಿದರೆ ಕಾಯಂ ಬೋಧಕರು ಇಬ್ಬರೇ. ಉಳಿದ ಏಳು ಜನ ಅತಿಥಿ ಉಪನ್ಯಾಸಕರು. ಎರಡು ಕಡೆ ಹೆಸರಿನ ಜಾಗದಲ್ಲಿ ಅಡ್ಡಗೆರೆ ಎಳೆದಿತ್ತು.

ವಿಭಾಗದ ಮುಖ್ಯಸ್ಥರು ಮಧ್ಯಾಹ್ನ ಸಿಕ್ಕಿದರು. ನಾನು ಬಂದ ಕಾರಣ ಹೇಳಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ತರಗತಿ ನೋಡಬೇಕು ಎಂದು ಕೇಳಿದ ಮೊದಲ ತಂದೆ ನಾನಂತೆ. “ಹುಡುಗಿ ಬೇಕಾದರೆ ಹಿಂದಿನ ಬೆಂಚಲ್ಲಿ ಕೂರಲಿ, ನೀವೂ ಬನ್ನಿ, ಆದರೆ ಪಾಠದ ಮಧ್ಯೆ ಮಾತಾಡಬೇಡಿ” ಎಂದು ನಾಲ್ಕನೇ ಸೆಮಿಸ್ಟರಿನ ಕಾಸ್ಟ್ ಅಕೌಂಟಿಂಗ್ ತರಗತಿಗೆ ಕಳಿಸಿದರು. ಆ ಮನುಷ್ಯನ ಉಪಕಾರ ನಾನು ಮರೆಯುವಂತಿಲ್ಲ.

ಆ ಒಂದು ಗಂಟೆಯನ್ನು ವಿವರವಾಗಿಯೇ ಬರೆಯುತ್ತೇನೆ. ಪಾಠ ಮಾಡಿದವರು ಮೂವತ್ತೈದರ ಆಸುಪಾಸಿನ ಒಬ್ಬ ಮೇಡಂ. ಕರಿಹಲಗೆ, ಸೀಮೆಸುಣ್ಣ. ವಿಷಯ ಬ್ರೇಕ್ ಈವನ್, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ. ಪುಸ್ತಕದ ಕಾರ್ಖಾನೆಯ ಉದಾಹರಣೆ ಬಿಟ್ಟು, ಕಾಲೇಜು ಗೇಟಿನ ಮುಂದಿನ ಟೀ ಅಂಗಡಿಯನ್ನು ಬೋರ್ಡಿನ ಮೇಲೆ ತಂದರು. ಬಾಡಿಗೆ, ಕರೆಂಟು, ಹುಡುಗನ ಸಂಬಳ ಸೇರಿ ತಿಂಗಳಿಗೆ 18,000 ಎಂದಿಟ್ಟುಕೊಳ್ಳಿ. ಟೀ ಹನ್ನೆರಡು ರೂಪಾಯಿ. ಹಾಲು, ಸೊಪ್ಪು, ಸಕ್ಕರೆ, ಗ್ಯಾಸು ಸೇರಿ ಒಂದು ಟೀಗೆ ಏಳು ರೂಪಾಯಿ ಖರ್ಚು. ಉಳಿಯುವುದು ಐದು. ಹಾಗಾದರೆ ಎಷ್ಟು ಟೀ ಮಾರಿದರೆ ಅವನ ಕೈ ಕಚ್ಚುವುದಿಲ್ಲ? ಮುಂದಿನ ಬೆಂಚಿನವರು 3,600 ಅಂದರು. ದಿನಕ್ಕೆ ನೂರ ಇಪ್ಪತ್ತು.

ಆಗ ಒಬ್ಬ ಹುಡುಗ ಎದ್ದು, “ಮೇಡಂ, ಏಪ್ರಿಲ್ ಒಂದರಿಂದ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಜಾಸ್ತಿ ಆಗಿದೆಯಲ್ಲ” ಅಂದ. ಮೇಡಂ ಸೀಮೆಸುಣ್ಣವನ್ನು ಅವನ ಕೈಗೇ ಕೊಟ್ಟರು. ಲೀಟರಿಗೆ ಹದಿನಾರು ಟೀ ಆಗುತ್ತದೆ ಎಂದು ಇನ್ನೊಬ್ಬಳು ಹೇಳಿದಳು, ಅವರಪ್ಪನದು ಹೋಟೆಲಂತೆ. ಒಂದು ಟೀಗೆ ಇಪ್ಪತ್ತೈದು ಪೈಸೆ ಹೆಚ್ಚು. ಉಳಿಕೆ 4.75ಕ್ಕೆ ಇಳಿಯಿತು. ಹುಡುಗ ಭಾಗಿಸಿ 3,790 ಎಂದು ಬರೆದ. ಬೆಲೆ ಏರಿಸದಿದ್ದರೆ ಅಂಗಡಿಯವನು ತಿಂಗಳಿಗೆ ನೂರ ತೊಂಬತ್ತು ಟೀ ಹೆಚ್ಚಿಗೆ ಮಾರಬೇಕು. “ಬೆಲೆ ಏರಿಸಿದರೆ ಗಿರಾಕಿ ಎಷ್ಟು ಕಮ್ಮಿ ಆಗ್ತಾರೆ?” ಎಂದು ಮೇಡಂ ಕೇಳಿದರು. ಯಾರಿಗೂ ಉತ್ತರ ಇರಲಿಲ್ಲ. “ಅದು ಪುಸ್ತಕದಲ್ಲಿಲ್ಲ. ಹೋಗಿ ಕೇಳಿಕೊಂಡು ಬನ್ನಿ, ಗುರುವಾರ ಹೇಳಿ.” ಮಗಳು ನನ್ನ ಪಕ್ಕದಲ್ಲಿ ಕೂತು ತನ್ನ ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಇಳಿಸಿಕೊಳ್ಳುತ್ತಿದ್ದಳು. ಉದ್ರಿ ಕೊಟ್ಟರೆ ಈ ಲೆಕ್ಕ ಏನಾಗುತ್ತದೆ ಎಂದು ಅಂಚಿನಲ್ಲಿ ಪ್ರಶ್ನೆ ಬರೆದುಕೊಂಡಿದ್ದಳು. ಮಂಡಿಯಲ್ಲಿ ಕೂತವಳಿಗೆ ಆ ಪ್ರಶ್ನೆ ಬರುವುದು ಸಹಜ.

ಪಾಠ ಮುಗಿದ ಮೇಲೆ ಮೇಡಂ ಜೊತೆ ಹತ್ತು ನಿಮಿಷ ಮಾತಾಡಿದೆ. ಅವರೂ ಅತಿಥಿ ಉಪನ್ಯಾಸಕರೇ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಆಗಿದೆ, ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಪ್ರತಿ ವರ್ಷವೂ ಹೊಸದಾಗಿ ಅರ್ಜಿ, ಹೊಸದಾಗಿ ಆಯ್ಕೆ. ರಜೆಯ ತಿಂಗಳಲ್ಲಿ ಸಂಬಳವಿಲ್ಲ. ತರಗತಿ ಶುರುವಾಗಿ ಎಷ್ಟೋ ವಾರದ ಮೇಲೆ ನೇಮಕದ ಆದೇಶ ಬರುತ್ತದೆ, ಅಲ್ಲಿಯವರೆಗೆ ಮಕ್ಕಳು ಖಾಲಿ ಕೂರುತ್ತಾರೆ. “ಮುಂದಿನ ವರ್ಷ ನಿಮ್ಮ ಮಗಳಿಗೆ ನಾನೇ ಪಾಠ ಮಾಡ್ತೀನಿ ಅಂತ ಹೇಳೋಕೆ ನನಗೆ ಆಗಲ್ಲ ಸಾರ್” ಅಂದರು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೇ ಇಂಥವರು ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರು. 2023ರ ನವೆಂಬರಿನಲ್ಲಿ ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಬೀದಿಗೆ ಬಂದಿದ್ದರು. ಆಗ ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದ್ದೆ. ಅವತ್ತು ಆ ಮೇಡಂ ಕೈಯಲ್ಲಿ ಅಂಟಿದ್ದ ಸೀಮೆಸುಣ್ಣ ನೋಡಿದಾಗ ನನಗೆ ನಿಜವಾಗಿ ಸಂಕಟವಾಯಿತು. ಇಷ್ಟು ಚೆನ್ನಾಗಿ ಕಲಿಸುವವರಿಗೆ ಮುಂದಿನ ಜುಲೈ ಹೇಗೆ ಎಂದು ಗೊತ್ತಿಲ್ಲದಂತೆ ಇಡುವುದು ತಪ್ಪು. ಅವರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

ಅಲ್ಲಿಂದ ಹೊರಗೆ ಬಂದು ಜೆರಾಕ್ಸ್ ಅಂಗಡಿಗೆ ಹೋದೆವು. ಯಾವ ಕಾಲೇಜನ್ನೇ ನೋಡಲು ಹೋಗಿ, ಅದರ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗದೆ ಬರಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಅರವತ್ತು ರೂಪಾಯಿಗೆ ಸಿಕ್ಕಿತು. ಮನೆಗೆ ತಂದು ಫೈನಾನ್ಷಿಯಲ್ ಅಕೌಂಟಿಂಗ್, ಮಾರ್ಕೆಟಿಂಗ್, ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಮೂರನ್ನು ವರ್ಷವಾರು ಜೋಡಿಸಿ ಓದಿದೆ. ಅಕೌಂಟಿಂಗ್ ಪತ್ರಿಕೆ ಚೆನ್ನಾಗಿತ್ತು. ಲೆಕ್ಕ ಮಾಡಿ ತಿಳಿದವರಿಗೆ ಮಾತ್ರ ಬಿಡಿಸಲು ಬರುವಂಥದ್ದು. ಮಾರ್ಕೆಟಿಂಗ್ ಪತ್ರಿಕೆ ನೋಡಿ ಬೇಸರವಾಯಿತು. ‘ಮಾರುಕಟ್ಟೆ ವಿಭಜನೆ ಎಂದರೇನು? ಅದರ ಪ್ರಾಮುಖ್ಯ ವಿವರಿಸಿ’ ಎಂಬ ಪ್ರಶ್ನೆ ನಾಲ್ಕು ಪತ್ರಿಕೆಗಳಲ್ಲಿ ಒಂದಕ್ಷರ ಬದಲಾಗದೆ ಬಂದಿತ್ತು. ಅಂಗಡಿಯವರೇ ಹೇಳಿದರು, ಪರೀಕ್ಷೆಗೆ ಹದಿನೈದು ದಿನ ಇರುವಾಗ ಇಪ್ಪತ್ತು ಪುಟದ ನೋಟ್ಸ್ ಒಂದು ಅತಿ ಹೆಚ್ಚು ಖರ್ಚಾಗುತ್ತದಂತೆ. ಟೀ ಅಂಗಡಿಯ ಲೆಕ್ಕದಂಥ ಪಾಠ ಮಾಡಿದರೂ ಎಂಬತ್ತು ಅಂಕದ ಪರೀಕ್ಷೆ ಉರು ಹೊಡೆದದ್ದನ್ನೇ ಕೇಳಿದರೆ ಮಕ್ಕಳು ಯಾವುದನ್ನು ನೆನಪಿಟ್ಟುಕೊಳ್ಳುತ್ತಾರೆ?

ಎರಡನೇ ಸಲ ಹೋದಾಗ ಉದ್ಯೋಗ ಮಾರ್ಗದರ್ಶನ ಕೋಶದ ರಿಜಿಸ್ಟರು ತೋರಿಸಿ ಎಂದು ಕೇಳಿದೆ. ಸಂಕೋಚದಿಂದಲೇ ತೆಗೆದುಕೊಟ್ಟರು. ನನಗೆ ರಿಜಿಸ್ಟರು ಓದುವುದು ಅಭ್ಯಾಸ. ಶಾಯಿ, ದಿನಾಂಕ, ಸಹಿ ನೋಡಿದರೆ ನಿತ್ಯ ಬರೆದದ್ದೋ ಒಟ್ಟಿಗೆ ಕೂತು ತುಂಬಿಸಿದ್ದೋ ಗೊತ್ತಾಗುತ್ತದೆ. ಇದು ನಿತ್ಯ ಬರೆದದ್ದು. ಹೆಚ್ಚಿನವು ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ಸೇಲ್ಸ್ ಕೆಲಸ, ಕೆಲವು ಲೆಕ್ಕಪತ್ರ ನೋಡಿಕೊಳ್ಳುವ ಹೊರಗುತ್ತಿಗೆ ಕಂಪನಿಗಳು, ಒಂದೆರಡು ಗೋದಾಮು ನಿರ್ವಹಣೆ. ‘ಕ್ಯಾಂಪಸ್ಸಿನಲ್ಲಿ ಆಯ್ಕೆಯಾದವರು’ ಎಂಬ ಪಟ್ಟಿಯಲ್ಲಿದ್ದವರೆಲ್ಲ ಕೆಲಸಕ್ಕೆ ಸೇರಿದವರಲ್ಲ. ಆ ವ್ಯತ್ಯಾಸವನ್ನು ರಿಜಿಸ್ಟರಿನಲ್ಲಿ ಬೇರೆ ಕಾಲಮ್ಮಿನಲ್ಲಿ ಬರೆದಿದ್ದರು. ಬ್ರೋಷರಿನಲ್ಲಿ ಅಂಥ ಕಾಲಮ್ಮು ನಾನು ಕಂಡಿಲ್ಲ.

ಅಲ್ಲಿಯ ಬೋಧಕರೊಬ್ಬರು ಪರಿಚಯ ಮಾಡಿಸಿಕೊಟ್ಟಿದ್ದರಿಂದ ಮೂವರು ಹಳೆಯ ವಿದ್ಯಾರ್ಥಿಗಳ ಜೊತೆ ಮಾತಾಡಲಾಯಿತು. ಒಬ್ಬಳು ಈಗ ಎಂಕಾಂ ಓದುತ್ತಿದ್ದಾಳೆ. ಇನ್ನೊಬ್ಬ ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಮತ್ತು ದಾಸ್ತಾನು ನೋಡಿಕೊಳ್ಳುತ್ತಾನೆ. ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಹೊರಗೆ ಬೇರೆ ದುಡ್ಡು ಕೊಟ್ಟು ಕಲಿಯಬೇಕಾಯಿತು ಎಂದ. ಮೂರನೆಯವನ ಮಾತು ಭಾರವಾಗಿತ್ತು. ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂಬಿಎ ಸೀಟಿಗೆ ಕಾಯುತ್ತಿದ್ದವನಿಗೆ ಆರನೇ ಸೆಮಿಸ್ಟರಿನ ಫಲಿತಾಂಶ ತಡವಾಗಿ ಬಂದು, ಅಂಕಪಟ್ಟಿ ಕೈಗೆ ಸಿಗುವಷ್ಟರಲ್ಲಿ ಆ ವರ್ಷದ ಅವಕಾಶ ಕೈತಪ್ಪಿತ್ತು. ಒಂದು ವರ್ಷ ಅಂಗಡಿಯಲ್ಲಿ ಕೂತು ಮತ್ತೆ ಬರೆದನಂತೆ. “ಪಾಠದಲ್ಲಿ ಕೊರತೆ ಇರಲಿಲ್ಲ ಅಂಕಲ್, ಪರೀಕ್ಷಾ ವಿಭಾಗದ್ದೇ ತೊಂದರೆ” ಅಂದ. ನಾನು ಕಾಲೇಜನ್ನು ನೋಡುತ್ತಿದ್ದೆ. ಅದರ ಹಿಂದಿರುವ ಪರೀಕ್ಷಾಂಗ ವಿಭಾಗವನ್ನೂ ನೋಡಬೇಕು ಎಂದು ಆ ಹುಡುಗ ಹೇಳಿಕೊಟ್ಟ. ಆವತ್ತಿನಿಂದ ಹಿಂದಿನ ಸೆಮಿಸ್ಟರುಗಳ ಪರೀಕ್ಷೆ ಯಾವತ್ತು ಮುಗಿಯಿತು, ಫಲಿತಾಂಶ ಯಾವತ್ತು ಬಂತು ಎಂದು ಸುತ್ತೋಲೆಗಳಿಂದ ಬರೆದಿಟ್ಟೆ. ಇತ್ತೀಚಿನ ಎರಡು ಸೆಮಿಸ್ಟರಿನಲ್ಲಿ ಅಂತರ ಕಡಿಮೆಯಾಗಿತ್ತು.

ಹತ್ತಿರದಲ್ಲೇ 2023ರಲ್ಲಿ ಆರಂಭವಾದ ಹೊಸ ವಿಶ್ವವಿದ್ಯಾಲಯವೊಂದರ ಕಾಲೇಜೂ ನಮ್ಮ ಪಟ್ಟಿಯಲ್ಲಿತ್ತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದ ಮೇಲೆ, ಪದವಿ ಪತ್ರದ ಮೇಲೆ ಯಾವ ಹೆಸರು ಬರುತ್ತದೋ ಎಂಬ ಭಯಕ್ಕೆ ಅದನ್ನು ಕೈಬಿಟ್ಟೆವು. ಖಾಸಗಿ ಕಾಲೇಜು ಎರಡನ್ನು ನೋಡಿದೆವು. ಒಂದರಲ್ಲಿ ಪ್ರಯೋಗಾಲಯ, ಗ್ರಂಥಾಲಯ ಎಲ್ಲ ಚೆನ್ನಾಗಿತ್ತು, ಬೋಧಕರೂ ಪೂರ್ತಿ ಇದ್ದರು. ವರ್ಷದ ಶುಲ್ಕ ನನ್ನ ಐದು ತಿಂಗಳ ಸಂಬಳ. ಇನ್ನೊಂದರಲ್ಲಿ ತರಗತಿ ನೋಡಲು ಬಿಡಲಿಲ್ಲ.

ಮಾಹಿತಿ ಹಕ್ಕಿನ ಉತ್ತರ ಇಪ್ಪತ್ತೊಂಬತ್ತನೇ ದಿನ ಬಂತು. ಮಂಜೂರಾದ ಹುದ್ದೆ ಆರು, ತುಂಬಿದ್ದು ಎರಡು. ಹಿಂದಿನ ತಂಡದಲ್ಲಿ ಸೇರಿದ ಅರವತ್ತು ಜನರಲ್ಲಿ ಸಮಯಕ್ಕೆ ಮುಗಿಸಿದವರು ನಲವತ್ತನಾಲ್ಕು. ಅಡುಗೆಮನೆಯ ಕಟ್ಟೆಯ ಮೇಲೆ ಆ ಹಾಳೆಯನ್ನಿಟ್ಟು ಮೂವರೂ ಕೂತೆವು. ಕಾಲುಭಾಗಕ್ಕಿಂತ ಹೆಚ್ಚು ಮಕ್ಕಳು ಎಲ್ಲಿ ಹೋದರು ಎಂದು ಮನೆಯವಳು ಕೇಳಿದಳು. ಮಗಳು ಮೊದಲೇ ವಿಚಾರಿಸಿಟ್ಟಿದ್ದಳು: ಕೆಲವರಿಗೆ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ ಉಳಿದುಕೊಂಡಿತ್ತು, ಆ ವಿಷಯಕ್ಕೆ ಆ ವರ್ಷ ಅರ್ಧ ಸೆಮಿಸ್ಟರು ಬೋಧಕರೇ ಇರಲಿಲ್ಲ. ಕೆಲವರು ಕೆಲಸಕ್ಕೆ ಹೋಗಿದ್ದರು, ಒಂದಿಬ್ಬರಿಗೆ ಮದುವೆಯಾಗಿತ್ತು.

ಇಷ್ಟೆಲ್ಲ ನೋಡಿಯೂ ಅಲ್ಲೇ ಸೇರುತ್ತೇನೆ ಎಂದಳು. ಅವಳ ಕಾರಣಗಳು ಅವಳವೇ. ಅಕೌಂಟಿಂಗ್ ಮತ್ತು ಕಾಸ್ಟಿಂಗ್ ಅಲ್ಲಿ ಗಟ್ಟಿಯಾಗಿ ಕಲಿಸುತ್ತಾರೆ. ಗ್ರಂಥಾಲಯದಲ್ಲಿ ಅವಳು ತೆಗೆದು ನೋಡಿದ ಪುಸ್ತಕಗಳ ಹಿಂದಿನ ಚೀಟಿಯಲ್ಲಿ ಆ ವರ್ಷದ್ದೇ ಮುದ್ರೆಗಳಿದ್ದವು, ಅಂದರೆ ಮಕ್ಕಳು ಓದುತ್ತಿದ್ದಾರೆ. ಉಳಿಯುವ ದುಡ್ಡಿನಲ್ಲಿ ಟ್ಯಾಲಿ, ಜಿಎಸ್‌ಟಿ, ಇಂಗ್ಲಿಷ್ ಹೊರಗೆ ಕಲಿಯಬಹುದು. ಶಕ್ತಿ ಯೋಜನೆಯಿಂದ ಬಸ್ಸಿಗೆ ಖರ್ಚಿಲ್ಲ. “ಕೊರತೆ ಎಲ್ಲಿದೆ ಅಂತ ಗೊತ್ತಿದೆಯಲ್ಲ ಅಪ್ಪ. ಗೊತ್ತಿಲ್ಲದ ಕಡೆ ಹೋಗೋದಕ್ಕಿಂತ ಇದು ವಾಸಿ.” ಪದವಿ ಪ್ರವೇಶಕ್ಕೆಂದು ರಾಜ್ಯದಲ್ಲಿರುವ ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿದೆವು. ಸರ್ವರ್ ನಿಂತು ನಿಂತು ಎರಡು ರಾತ್ರಿ ಹಿಡಿಯಿತು. ಮೂಲ ದಾಖಲೆ ಒಪ್ಪಿಸಿ ಶುಲ್ಕ ಕಟ್ಟಿ ಬಂದದ್ದು ಜೂನ್ ಕೊನೆಗೆ.

ತರಗತಿ ಶುರುವಾದ ದಿನವೇ ವೇಳಾಪಟ್ಟಿಯ ಫೋಟೊ ಕಳಿಸಿದಳು. ಸ್ಟ್ಯಾಟಿಸ್ಟಿಕ್ಸ್ ಮುಂದೆ ಅಡ್ಡಗೆರೆ. ಎರಡನೇ ವಾರವೂ ಅಡ್ಡಗೆರೆ, ಮೂರನೇ ವಾರವೂ ಅಷ್ಟೇ. ನನ್ನ ಕೈಯಲ್ಲಿ ಮಾಹಿತಿ ಹಕ್ಕಿನ ಹಾಳೆ ಇತ್ತು. ಆ ತರಗತಿಯ ಪೋಷಕರ ನಂಬರುಗಳನ್ನು ಮಗಳು ಕಲೆಹಾಕಿಕೊಟ್ಟಳು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ತೆಂಗು ಬೆಳೆಯುವವರು, ಆಟೊ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು. ಹೆಚ್ಚಿನವರು “ನಾವು ಹೇಳಿದರೆ ಕೇಳ್ತಾರಾ ಸಾರ್” ಅಂದರು. ಸ್ಟ್ಯಾಟಿಸ್ಟಿಕ್ಸಿಗೆ ಬೋಧಕರನ್ನು ಕೂಡಲೇ ನೇಮಿಸಬೇಕು, ಹಿಂದಿನ ತಂಡದಲ್ಲಿ ಇದೇ ಪತ್ರಿಕೆ ಎಷ್ಟು ಮಕ್ಕಳನ್ನು ಹಿಡಿದು ನಿಲ್ಲಿಸಿದೆ ನೋಡಿ ಎಂದು 60 ಮತ್ತು 44ರ ಲೆಕ್ಕ ಬರೆದು, ಪ್ರಾಂಶುಪಾಲರಿಗೂ ಕುಲಸಚಿವರಿಗೂ ಪತ್ರ ಸಿದ್ಧ ಮಾಡಿದೆ. ಹದಿನೇಳು ಜನ ಸಹಿ ಹಾಕಿದರು. ಇಬ್ಬರು ಹೆಬ್ಬೆಟ್ಟು ಒತ್ತಿದರು. ಐವರು ಸೇರಿ ಹೋಗಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆವು. ಪ್ರಾಂಶುಪಾಲರು ನಮ್ಮನ್ನು ಕೂರಿಸಿ ಪತ್ರ ಪೂರ್ತಿ ಓದಿದರು. ಟೀ ಅಂಗಡಿ ಲೆಕ್ಕದ ಮೇಡಂ ಈ ವರ್ಷ ಬಂದಿದ್ದಾರಾ ಎಂದೂ ನಾನು ಕೇಳಿದೆ. ಆದೇಶ ಇನ್ನೂ ಬಂದಿಲ್ಲ ಎಂದರು.

ಮುಂದಿನ ಶುಕ್ರವಾರ ಸಂಜೆ ಸಂಘದಲ್ಲಿ ದಿನವಹಿ ಮುಗಿಸುತ್ತಿದ್ದಾಗ ಮಗಳ ಮೆಸೇಜು ಬಂತು: “ಅಪ್ಪ, ಸ್ಟ್ಯಾಟಿಸ್ಟಿಕ್ಸ್‌ಗೆ ಸಾರ್ ಬಂದ್ರು. ಕೊನೇ ಪೀರಿಯಡ್ ಆದ್ರೂ ಒಬ್ಬರೂ ಮನೆಗೆ ಹೋಗ್ಲಿಲ್ಲ. ಮೇಡಂದು ಇನ್ನೂ ಆರ್ಡರ್ ಬಂದಿಲ್ಲ.” ಪತ್ರದ ನಕಲು ಮೇಜಿನ ಡ್ರಾಯರಿನಲ್ಲೇ ಇತ್ತು. ಎರಡನೇ ಪತ್ರವನ್ನು ಅವತ್ತೇ ಬರೆಯಲು ಕೂತೆ.